ಕಾಲುವೆ ದಾರಿಗೊಂದು ಜೊತೆ

ಎರಡನೆಯವನು ಮಾತು ಮುಗಿಸುವಷ್ಟರಲ್ಲಿ ವಿನ್ಸ್ ಕಿಟಕಿಗೂ ಅಡುಗೆಮನೆಯ ಬಾಗಿಲಿಗೂ ಅದೆಷ್ಟೋ ಸಲ ಎಡತಾಕಿದ್ದ. ಕೆಲಸ ಕೇಳಿಕೊಂಡು ಬಂದಿದ್ದ ಆ ದಪ್ಪ ಮೀಸೆಯ ಗಂಡಸು ಸೋಫಾದ ತುದಿಯಲ್ಲಿ ಕೂತಿದ್ದ. ಓಡಾಡುವವನನ್ನು ನೋಡಬೇಕೋ, ಎದುರಿಗೆ ಕೂತ ರುಬೀನಾಳನ್ನು ನೋಡಬೇಕೋ ತಿಳಿಯದೆ ಕತ್ತನ್ನು ಆಚೆ ಈಚೆ ತಿರುಗಿಸುತ್ತಿದ್ದ.

"ನಡೆಯೋಕೆ ಬರತ್ತಾ?" ವಿನ್ಸ್ ಕೇಳಿದ.

"ಬರತ್ತೆ. ಆದ್ರೆ ಮಂಡಿ ಆಪರೇಷನ್ ಆಗಿದೆ ನೋಡಿ. ಸಮತಟ್ಟಾಗಿದ್ರೆ ಒಂದು ಮೈಲಿ ಏನೂ ತೊಂದ್ರೆ ಇಲ್ಲ."

"ಒಂದು ಮೈಲೀಲಿ ಬಸ್‌ಸ್ಟಾಪೂ ಬರಲ್ಲ," ಅಂದ ವಿನ್ಸ್, ಮತ್ತೆ ಕಿಟಕಿಯತ್ತ ತಿರುಗಿದ.

ರುಬೀನಾ ನಗು ತಡೆದುಕೊಂಡು ಆ ಮನುಷ್ಯನಿಗೆ ಥ್ಯಾಂಕ್ಸ್ ಹೇಳಿ ಬಾಗಿಲವರೆಗೆ ಬಿಟ್ಟುಬಂದಳು. ಸಂದರ್ಶನ ನಡೆಯುತ್ತಿದ್ದುದು ವಿನ್ಸ್‌ನ ಮನೆಯಲ್ಲೇ. ಆಕ್ರಿಂಗ್ಟನ್ ಊರಿನ ಏರುಬೀದಿಯೊಂದರಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತ ಕಲ್ಲುಮನೆಗಳ ಸಾಲಿನಲ್ಲಿ ಕೊನೆಯದು ಅದು. ಸಂಸ್ಥೆಯ ಆಫೀಸಿನಲ್ಲಿ ಮಾಡೋಣ ಅಂತ ರುಬೀನಾ ಮೊದಲು ಹೇಳಿದ್ದಳು. "ಬರೋದು ನನ್ನ ಮನೆಗಲ್ವಾ? ಹಂಗಿದ್ರೆ ನನ್ನ ಮನೇಲೇ ಕೇಳ್ತೀನಿ," ಎಂದಿದ್ದ ವಿನ್ಸ್. ಕೇಳಬೇಕಾದ ಪ್ರಶ್ನೆಗಳನ್ನೂ ಅವನೇ ಯೋಚಿಸಿಟ್ಟಿದ್ದ. ನಡೆಯೋಕೆ ಬರತ್ತಾ? ನಂಗೆ ಫಿಟ್ಸ್ ಬಂದ್ರೆ ಹೆದರ್ತೀರಾ? ಜಾಸ್ತಿ ಮಾತಾಡ್ತೀರಾ?

ಹಿಂದೆಲ್ಲ ಹೀಗಿರಲಿಲ್ಲ. ವಿನ್ಸ್‌ನ ಆರೈಕೆಗೆಂದು ಸ್ಥಳೀಯ ಆಡಳಿತದ ಕೌನ್ಸಿಲ್ ಕೊಡುತ್ತಿದ್ದ ಹಣ ನೇರವಾಗಿ ಒಂದು ಏಜೆನ್ಸಿಗೆ ಹೋಗುತ್ತಿತ್ತು. ಏಜೆನ್ಸಿಯವರು ದಿನಕ್ಕೊಬ್ಬರಂತೆ ಬರುತ್ತಿದ್ದರು, ಬಾಗಿಲ ಪಕ್ಕದ ಡಬ್ಬಿಯಿಂದ ಕೀಲಿ ತೆಗೆದು ತಾವೇ ಒಳಗೆ ನುಗ್ಗುತ್ತಿದ್ದರು, ಹಸಿವಿದ್ದರೂ ಇಲ್ಲದಿದ್ದರೂ ಟೋಸ್ಟ್ ಮಾಡಿಟ್ಟು, ಟೀವಿ ಹಾಕಿ ಹೊರಟುಬಿಡುತ್ತಿದ್ದರು. ಅವರು ಬರುವ ಹೊತ್ತಿಗೆ ವಿನ್ಸ್ ಮನೆಯಲ್ಲಿರಬೇಕಿತ್ತು. ಮನೆಯಲ್ಲಿ ಇರುವುದೊಂದೇ ಅವನಿಂದ ಆಗದ ಕೆಲಸ. ಕಳೆದ ವರ್ಷ ರುಬೀನಾಳ ಸಣ್ಣ ಸಂಸ್ಥೆ ಆ ಹಣದ ಉಸ್ತುವಾರಿ ವಹಿಸಿಕೊಂಡಿತು. "ದುಡ್ಡು ನಮ್ಮ ಹತ್ರ ಇರತ್ತೆ, ಲೆಕ್ಕ ಪತ್ರ ನಮ್ಮ ತಲೆನೋವು," ಎಂದು ಅವಳು ಇದೇ ಸೋಫಾದಲ್ಲಿ ಕೂತು ಹೇಳಿದ್ದಳು. "ಯಾರು ಬರ್ಬೇಕು, ಯಾವಾಗ ಬರ್ಬೇಕು, ಬಂದು ಏನು ಮಾಡ್ಬೇಕು ಅನ್ನೋದು ಮಾತ್ರ ನೀವೇ ಹೇಳ್ಬೇಕು, ವಿನ್ಸ್."

"ಇವ್ನು ಹೇಳೋದಾ?" ಎಂದು ಪಕ್ಕದಲ್ಲಿದ್ದ ಅವನ ಅಕ್ಕ ಬ್ರೆಂಡಾ ಹುಬ್ಬೇರಿಸಿದ್ದಳು. "ಚಂದ್ರಲೋಕಕ್ಕೆ ಬಸ್ಸು ಬಿಡಿ ಅಂತಾನೆ, ನೋಡ್ತಿರು."

ವಿನ್ಸ್ ಕೇಳಿದ್ದು ಕಾಲುವೆ. ಅವನ ಬೀದಿಯ ಕೆಳಗೆ ಹರಿಯುವ ಕಾಲುವೆ ಬೆಟ್ಟಗಳನ್ನು ಸುತ್ತಿ ಬಳಸಿ ಲೀಡ್ಸ್‌ವರೆಗೆ ಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಆ ದಾರಿಯನ್ನು ಪೂರ್ತಿ ನಡೆಯಬೇಕು. ಆರೈಕೆಗೆಂದು ದಿನಾ ಸಿಗುವ ಅರ್ಧರ್ಧ ಗಂಟೆಗಳನ್ನೆಲ್ಲ ಒಟ್ಟುಗೂಡಿಸಿ ವಾರಕ್ಕೊಂದು ಇಡೀ ದಿನ ಮಾಡಿಕೊಡಬೇಕು, ನಿಲ್ಲಿಸಿದಲ್ಲಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಮುಂದಕ್ಕೆ ನಡೆಯಬೇಕು. ಫಿಟ್ಸ್ ಇರುವುದರಿಂದ ಜೊತೆಗೊಬ್ಬರು ಬೇಕೇ ಬೇಕು. ಡ್ಯಾನಿ ಎಂಬವನು ದಾರಿ ನಡುವಿನ ಸ್ಕಿಪ್ಟನ್ ಊರಿನವರೆಗೆ ಜೊತೆಗಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಹೆಂಡತಿಗೆ ದೂರದ ಅಬರ್ಡೀನ್‌ನಲ್ಲಿ ಕೆಲಸ ಸಿಕ್ಕಿ ಅವನೂ ಹೊರಟುಹೋದ. ಅಂದಿನಿಂದ ವಿನ್ಸ್ ಮನೆಯೊಳಗೇ ನಡೆಯುತ್ತಿದ್ದ. ಅಡುಗೆಮನೆಯ ಬಾಗಿಲ ಬಳಿ ಕಾರ್ಪೆಟ್ಟಿನ ನೂಲು ಕಾಣತೊಡಗಿತ್ತು.

ಮೂರನೆಯವಳು ಮಳೆಯಲ್ಲಿ ನೆನೆದು ಬಂದಳು. ಹೆಸರು ಲಿನೆಟ್ ಹಿಂಡಲ್. ವಯಸ್ಸು ಅರವತ್ತರ ಸಮೀಪ, ಗಟ್ಟಿ ಆಳು. ಕೆಸರಾದ ತನ್ನ ಬೂಟುಗಳನ್ನು ಬಾಗಿಲಲ್ಲೇ ಬಿಚ್ಚಿಟ್ಟು ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಬಂದು ಕೂತಳು. ನಡಿಗೆ ಅವಳಿಗೆ ಹೊಸದಲ್ಲ, ಭಾನುವಾರದ ನಡಿಗೆ ಸಂಘದಲ್ಲಿದ್ದಾಳೆ. ಫಿಟ್ಸ್ ಬಂದಾಗ ಕೆನ್ನೆಯೊಳಗೆ ಹಾಕುವ ಔಷಧಿಯ ತರಬೇತಿಯೂ ಆಗಿದೆ. ಮಾತು ಜಾಸ್ತಿಯೇ ಎಂದು ಕೇಳಿದ್ದಕ್ಕೆ, "ನನ್ನ ಗಂಡ ಬದುಕಿದ್ದಿದ್ರೆ ಹೌದು ಅಂತಿದ್ರು. ಆದ್ರೆ ಏರು ಬಂದಾಗ ಬಾಯಿ ಮುಚ್ಕೋತೀನಿ," ಅಂದಳು. ರುಬೀನಾಳ ಮುಖ ಅರಳಿತು.

ವಿನ್ಸ್ ಓಡಾಡುತ್ತಲೇ ಇದ್ದ. ಲಿನೆಟ್ ಅವನನ್ನು ಕಣ್ಣಲ್ಲೇ ಹಿಂಬಾಲಿಸಿ, "ಸ್ವಲ್ಪ ಕೂತ್ಕೊಳ್ಳಿ ವಿನ್ಸ್, ನಿಮ್ಮನ್ನ ನೋಡೀ ನೋಡೀ ನನ್ನ ಕಾಲೇ ಸೋತುಹೋಯ್ತು," ಎಂದು ನಕ್ಕಳು. ಮೂಗಿನಿಂದ ಗಾಳಿ ಬಿಟ್ಟು ಆಮೇಲೆ ಬಾಯಿಗೆ ಬರುವ ನಗು.

ವಿನ್ಸ್ ನಿಂತ. ಅವಳ ಮುಖ ನೋಡಿದ. ಆಮೇಲೆ ತೊಡೆಯ ಮೇಲಿದ್ದ ಕೈ ನೋಡಿದ. ಎಡಗೈಯ ಕಿರುಬೆರಳು ಮಡಿಚಿಕೊಂಡಿತ್ತು. ಉಳಿದ ಬೆರಳುಗಳೆಲ್ಲ ಚಾಚಿದ್ದರೂ ಅದೊಂದು ಮಾತ್ರ ಒಳಕ್ಕೆ ಬಾಗಿಯೇ ಇತ್ತು.

"ನೀನು ನನ್ನ ಶೂ ಎಲ್ಲಿಟ್ಟೆ?" ಅಂದ.

ರುಬೀನಾಳಿಗೆ ಅರ್ಥವಾಗಲಿಲ್ಲ. "ನಿಮ್ಮ ಶೂ ಕಾಲಲ್ಲೇ ಇದೆಯಲ್ಲ, ವಿನ್ಸ್." ಲಿನೆಟ್‌ಳ ಕುತ್ತಿಗೆಯಿಂದ ಮೇಲಕ್ಕೆ ಕೆಂಪು ಹರಡಿತು. ವಿನ್ಸ್ ಬಾಗಿಲು ತೆಗೆದು, ಕೋಟು ಕೂಡ ಹಾಕಿಕೊಳ್ಳದೆ ಬೀದಿ ಇಳಿದುಹೋದ.

ವಿನ್ಸ್ ಹುಡುಗನಾಗಿದ್ದಾಗ ಊರ ಹೊರಗಿನ ಗುಡ್ಡದ ಮೇಲೊಂದು ದೊಡ್ಡ ಆಸ್ಪತ್ರೆಯಿತ್ತು. ಬುದ್ಧಿ ಸಾಲದವರು ಎಂದು ಬರೆಸಿಕೊಂಡವರನ್ನು ಅಲ್ಲಿ ಬಿಟ್ಟುಬರುತ್ತಿದ್ದರು. ವಿನ್ಸ್‌ನನ್ನು ಬಿಟ್ಟಾಗ ಅವನಿಗೆ ಹನ್ನೊಂದು. ಅದನ್ನು ಮುಚ್ಚಿ ಎಲ್ಲರನ್ನೂ ಹೊರಗೆ ಕಳಿಸುವ ಹೊತ್ತಿಗೆ ಮೂವತ್ತರ ಹತ್ತಿರವಾಗಿತ್ತು. ಸಂಜೆ ಹೊತ್ತು ಉದ್ದನೆಯ ಹಜಾರವನ್ನು ಒರೆಸುವಾಗ ಎಲ್ಲರೂ ಗೋಡೆ ಬದಿಯ ಬೆಂಚುಗಳ ಮೇಲೆ ಸಾಲಾಗಿ ಕೂತು ಕಾಲೆತ್ತಿ ಹಿಡಿಯಬೇಕಿತ್ತು, ನೆಲ ಒಣಗುವವರೆಗೆ. ವಿನ್ಸ್‌ನ ಕಾಲು ನಿಲ್ಲುತ್ತಿರಲಿಲ್ಲ. ಕಾಲು ಕೆಳಗೆ ತಾಕಿದರೆ ಶೂ ಹೋಯಿತು. ಕಿರುಬೆರಳು ಮಡಿಚಿದ ಕೈಯೊಂದು ಅದನ್ನು ಬಟ್ಟೆಯ ಬೀರುವಿನ ನೆತ್ತಿಗೆ, ಅವನಿಗೆ ಎಟುಕದ ಕಡೆಗೆ ಏರಿಸುತ್ತಿತ್ತು. ಶೂ ಇಲ್ಲದವರಿಗೆ ಭಾನುವಾರದ ತಿರುಗಾಟ ಇಲ್ಲ. ಉಳಿದವರು ತೋಟ ಸುತ್ತಿ ಬರುವುದನ್ನು ಅವನು ಕಾಲುಚೀಲದಲ್ಲಿ ಕಿಟಕಿಯ ಬಳಿ ನಿಂತು ನೋಡುತ್ತಿದ್ದ. ಒಮ್ಮೆ ಬ್ರೆಂಡಾ ಬಸ್ಸಿನಲ್ಲಿ ನೋಡಲು ಬಂದು ಹೊರಗಿನ ಕಲ್ಲುಬೆಂಚಿನ ಮೇಲೆ ಕಾದು ಕೂತಿದ್ದಳು. ಅವನು ಬರಲು ಒಲ್ಲೆ ಅನ್ನುತ್ತಿದ್ದಾನೆ ಎಂದು ಯಾರೋ ಹೇಳಿದ್ದನ್ನು ನಂಬಿ ಹಿಂದಿರುಗಿದಳು.

ರುಬೀನಾ ಅವನ ಕೋಟು ಹಿಡಿದುಕೊಂಡು ಕಾಲುವೆಯ ಸೇತುವೆಯ ಬಳಿ ಬಂದಾಗ ಅವನು ಕಮಾನಿನ ಕೆಳಗೆ ಹೋಗುತ್ತ ಬರುತ್ತ ಇದ್ದ.

"ಏನಾಯ್ತು ವಿನ್ಸ್? ಅವರೇನಾದ್ರೂ ತಪ್ಪು ಮಾತಾಡಿದ್ರಾ?"

"ಇಲ್ಲ."

"ನಿಮಗೆ ಬೇಡ ಅನ್ಸಿದ್ರೆ ಬೇಡ. ಕಾರಣ ಹೇಳೋ ಅಗತ್ಯ ಇಲ್ಲ." ಅವಳು ಕೋಟನ್ನು ಅವನ ಹೆಗಲಿಗೆ ಹಾಕಿದಳು. "ಆದ್ರೆ ಸುಳ್ಳು ಹೇಳಲ್ಲ ನಾನು. ಬೇರೆ ಯಾರೂ ಅರ್ಜಿ ಹಾಕಿಲ್ಲ. ಇನ್ನೊಂದ್ಸಲ ಜಾಹೀರಾತು ಕೊಟ್ಟು ಜನ ಸಿಗೋವಷ್ಟರಲ್ಲಿ ಚಳಿಗಾಲ ಕಳೆಯತ್ತೆ. ಅಲ್ಲೀವರೆಗೂ ಏಜೆನ್ಸಿಯವರನ್ನೇ ಕರೀಬೇಕು."

ಸಂಜೆ ಬ್ರೆಂಡಾ ಫೋನ್ ಮಾಡಿದಳು. "ರುಬೀನಾ ಹೇಳಿದ್ಲು. ಅಷ್ಟು ಒಳ್ಳೆ ಹೆಂಗಸು ಸಿಕ್ಕಿದ್ರೆ ನೀನು ಬೀದಿಗೆ ಓಡಿಹೋದ್ಯಂತೆ. ನಿಂಗೇನು ಬೇಕೋ ತಮ್ಮಾ? ರಾಣಿ ಬಂದು ನಿನ್ನ ಕೈ ಹಿಡ್ಕೊಂಡು ನಡೀಬೇಕಾ?"

ವಿನ್ಸ್ ಫೋನನ್ನು ಕಿವಿಗೆ ಹಿಡಿದೇ ಓಡಾಡಿದ. ಹೇಳೋಣ ಅನಿಸಿತು. ಹೇಳಿದರೆ ಅವಳು ಅಳುತ್ತಾಳೆ, ಆಮೇಲೆ ಅವಳನ್ನು ಸಮಾಧಾನ ಮಾಡುವ ಕೆಲಸ ತನ್ನದೇ ಆಗುತ್ತದೆ ಅಂತಲೂ ಅನಿಸಿತು.

"ಒಂದು ದಿನ ನನ್ನ ಜೊತೆ ನಡೀಲಿ," ಅಂದ ಕೊನೆಗೆ. "ನೋಡ್ತೀನಿ."

ಮಂಗಳವಾರ ವಿನ್ಸ್ ಮತ್ತು ಲಿನೆಟ್ ಎರಡು ಬಸ್ಸು ಬದಲಿಸಿ ಸ್ಕಿಪ್ಟನ್‌ಗೆ ಹೋದರು. ಡ್ಯಾನಿಯ ಜೊತೆ ನಿಲ್ಲಿಸಿದ್ದ ದೋಣಿಕಟ್ಟೆಯಿಂದಲೇ ವಿನ್ಸ್ ಹೊರಟ. ಒಂದು ಹೆಜ್ಜೆ ಆಚೆಯಿಂದಲೂ ಅಲ್ಲ, ಈಚೆಯಿಂದಲೂ ಅಲ್ಲ. ಲಿನೆಟ್ ಅದಕ್ಕೆ ಏನೂ ಅನ್ನದೆ ಹಿಂದೆ ನಿಂತು ಕಾದಳು. ಮಳೆ ಬಿಟ್ಟಿತ್ತು. ನೀರು ಚಹಾದ ಬಣ್ಣಕ್ಕಿತ್ತು, ಹೊಲಗಳಲ್ಲಿ ಕುರಿಗಳ ಬೆನ್ನಿನಿಂದ ಹಬೆ ಏಳುತ್ತಿತ್ತು. ವಿನ್ಸ್ ಮುಂದೆ, ಅವಳು ನಾಲ್ಕು ಮಾರು ಹಿಂದೆ. ಅವನು ಬಿರುಸಾದರೆ ಅವಳೂ ಬಿರುಸು, ಅವನು ನಿಧಾನಿಸಿದರೆ ಅವಳೂ ನಿಧಾನ. ದೋಣಿಗೆ ದಾರಿ ಬಿಡಲು ಪಕ್ಕಕ್ಕೆ ತಿರುಗುವ ಸೇತುವೆಯೊಂದರ ಬಳಿ ದೋಣಿಯವನೊಬ್ಬ ಅದನ್ನು ತಿರುಗಿಸಲು ಒಬ್ಬನೇ ಒದ್ದಾಡುತ್ತಿದ್ದಾಗ ಇಬ್ಬರೂ ಭುಜ ಕೊಟ್ಟು ತಳ್ಳಿದರು. "ಗಂಡ ಹೆಂಡ್ತಿ ಗಟ್ಟಿಗರು," ಎಂದು ಅವನು ನಕ್ಕ. ಇಬ್ಬರೂ ಮುಂದಕ್ಕೆ ನಡೆದರು.

ಅವಳು ಒಳ್ಳೆಯ ಜೊತೆ ಎನ್ನುವುದೇ ವಿನ್ಸ್‌ನನ್ನು ಕಾಡುತ್ತಿತ್ತು. ಮಾತಾಡಬೇಕಾದಲ್ಲಿ ಮಾತಾಡುತ್ತಿದ್ದಳು, ಸುಮ್ಮನಿರಬೇಕಾದಲ್ಲಿ ಸುಮ್ಮನಿರುತ್ತಿದ್ದಳು. ಊಟದ ಹೊತ್ತಿಗೆ ತನ್ನ ಚೀಲದಿಂದ ಆಲೂಗಡ್ಡೆ ತುಂಬಿದ ಬೆಣ್ಣೆಯ ಕಡುಬು ತೆಗೆದು ಅವನಿಗೊಂದು ಕೊಟ್ಟಳು. ಇನ್ನೂ ಬೆಚ್ಚಗಿತ್ತು. ಕೆಟ್ಟ ಜೊತೆಯಾಗಿದ್ದರೆ ಎಷ್ಟು ಸುಲಭವಿತ್ತು.

ಕಿಲ್ಡ್‌ವಿಕ್ ಹಳ್ಳಿ ದಾಟಿದ ಮೇಲೆ ಒಂದು ಬೆಂಚು ಸಿಕ್ಕಿತು. ಬೂಟಿನೊಳಗೆ ಸೇರಿದ ಹರಳು ಕೊಡವಲು ಲಿನೆಟ್ ಕೂತಳು. ಎರಡೂ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಕಾಲ್ಬೆರಳು ಉಜ್ಜಿಕೊಳ್ಳುತ್ತ, ಅವನ ಕಡೆ ನೋಡದೆ ಹೇಳಿದಳು.

"ನಿಂಗೆ ಗೊತ್ತಾಗಿದೆ." ಆಮೇಲೆ ತಿದ್ದಿಕೊಂಡಳು. "ನಿಮಗೆ."

ವಿನ್ಸ್ ನಿಂತೇ ಇದ್ದ.

"ಹೆಸರು ಕೇಳ್ದಾಗ ಬೇರೆ ಯಾರೋ ಇರ್ಬೇಕು ಅನ್ಕೊಂಡೆ. ಬಾಗಿಲು ತೆಗೆದ ಕೂಡ್ಲೇ ಗೊತ್ತಾಯ್ತು. ಅಲ್ಲಿಂದಲೇ ವಾಪಸ್ ಹೋಗ್ಬೇಕಿತ್ತು. ಹೋಗ್ಲಿಲ್ಲ."

"ಯಾಕೆ?"

"ಕೆಲಸ ಬೇಕಿತ್ತು. ಮುದುಕರ ಆಶ್ರಮದಲ್ಲಿ ರಾತ್ರಿ ಪಾಳಿ ಮಾಡಿ ಮಾಡಿ ಸಾಕಾಗಿದೆ. ನಡಿಯೋಕೆ ಸಂಬಳ ಕೊಡ್ತಾರೆ ಅಂದ್ರೆ ಯಾರಿಗೆ ಬೇಡ?" ಅವಳು ಬೂಟು ತಲೆಕೆಳಗು ಮಾಡಿ ಹರಳು ಕೊಡವಿ ಮತ್ತೆ ಪಕ್ಕಕ್ಕಿಟ್ಟಳು. "ಆ ಆಸ್ಪತ್ರೇಲಿ ಕೆಲಸಕ್ಕಿದ್ದಾಗ ನಂಗೆ ಹತ್ತೊಂಬತ್ತು. ವಾರ್ಡಿನ ದೊಡ್ಡ ನರ್ಸಮ್ಮ ಹೇಳೋರು, ನಾನು ಮಾಡ್ತಿದ್ದೆ. ಎಲ್ರೂ ಮಾಡ್ತಿದ್ರು."

"ನೀನು ನಗ್ತಿದ್ದೆ," ಅಂದ ವಿನ್ಸ್.

ನೀರಿನಲ್ಲಿ ಬಾತುಕೋಳಿಯೊಂದು ತಲೆ ಮುಳುಗಿಸಿ ಎದ್ದಿತು. ವಿನ್ಸ್ ಬಗ್ಗಿ ಬೆಂಚಿನ ಪಕ್ಕದ ಬೂಟುಗಳನ್ನು ಲೇಸು ಹಿಡಿದು ಎತ್ತಿಕೊಂಡ, ನಡೆದುಬಿಟ್ಟ.

ಅವನು ಮೊದಲೇ ಯೋಚಿಸಿ ಮಾಡಿದ್ದಲ್ಲ ಅದು. ಬೂಟುಗಳು ಒಂದಕ್ಕೊಂದು ಬಡಿದುಕೊಳ್ಳುತ್ತ ತೊಡೆಗೆ ತಾಕುತ್ತಿದ್ದವು, ಅವನು ಬಿರಬಿರನೆ ಹೋಗುತ್ತಿದ್ದ. ಈಗ ಕೂಗುತ್ತಾಳೆ, ಈಗ ಬೈಯುತ್ತಾಳೆ ಎಂದು ಅವನ ಬೆನ್ನು ಕಾಯುತ್ತಿತ್ತು. ಕೂಗು ಬರಲಿಲ್ಲ. ಹೆಜ್ಜೆಯ ಸದ್ದೂ ಇಲ್ಲ. ಮುಂದಿನ ಸೇತುವೆಯ ಹತ್ತಿರ ತಡೆಯಲಾರದೆ ಹಿಂದೆ ತಿರುಗಿದ. ಅವಳು ಅಲ್ಲೇ ಇದ್ದಳು, ನಾಲ್ಕು ಮಾರು ಹಿಂದೆ. ಉಣ್ಣೆಯ ಕಾಲುಚೀಲಗಳು ಕೆಸರಿನಲ್ಲಿ ನೆಂದು ಭಾರವಾಗಿ ಮುಂದಕ್ಕೆ ಜೋತಿದ್ದವು. ಜಲ್ಲಿಯ ಮೇಲೆ ನೋಯುವಲ್ಲಿ ಹಿಮ್ಮಡಿ ಎತ್ತಿ ಎತ್ತಿ ಬರುತ್ತಿದ್ದಳು. ಔಷಧಿಯ ಚೀಲ ಹೆಗಲಲ್ಲಿತ್ತು. ಸೈಕಲ್ಲಿನವನೊಬ್ಬ ಅವಳ ಕಾಲನ್ನೂ ವಿನ್ಸ್‌ನ ಕೈಯನ್ನೂ ನೋಡುತ್ತ ದಾಟಿಹೋದ.

ವಿನ್ಸ್‌ಗೆ ಖುಷಿಯಾಗಲಿಲ್ಲ. ಆಗಬೇಕಿತ್ತು ಅನಿಸಿತು, ಆಗಲಿಲ್ಲ. ಬೂಟುಗಳನ್ನು ಅವಳ ಮುಂದೆ ನೆಲಕ್ಕಿಟ್ಟ.

ಅವಳು ಒದ್ದೆ ಹುಲ್ಲಿನ ಮೇಲೆ ಕೂತು ಹಾಕಿಕೊಂಡಳು. ಲೇಸನ್ನು ಎರಡು ಸಲ ಬಿಚ್ಚಿ ಕಟ್ಟಿದಳು. ಅವನು ನೆರವಾಗಲಿಲ್ಲ. "ಬಸ್ಸು ಹೋಗತ್ತೆ," ಎಂದಷ್ಟೇ ಹೇಳಿದ. ಬಸ್ಸು ಸಿಗುವ ಸಿಲ್ಸ್‌ಡನ್‌ವರೆಗೂ ಮೊದಲಿನಂತೆಯೇ ನಡೆದರು, ಅವನು ಮುಂದೆ, ಅವಳು ಹಿಂದೆ. ಬಸ್ಸಿನಲ್ಲಿ ಅವಳು ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಅವನು ಕೂತ.

ಆ ರಾತ್ರಿ ಅವನು ನಿರ್ಧರಿಸಿಬಿಟ್ಟಿದ್ದ. ಬೆಳಿಗ್ಗೆ ಎದ್ದು, ಹೇಳಬೇಕಾದ ಮಾತನ್ನು ಬಾಯಲ್ಲಿ ಸರಿ ಮಾಡಿಕೊಳ್ಳುತ್ತ ಕಾರ್ಪೆಟ್ಟಿನ ಮೇಲೆ ಓಡಾಡುತ್ತಿರುವಾಗ ರುಬೀನಾಳೇ ಬಂದಳು. ಮುಖ ಸಪ್ಪಗಿತ್ತು.

"ಬೇಜಾರಿನ ಸುದ್ದಿ, ವಿನ್ಸ್. ಲಿನೆಟ್ ಈಗಷ್ಟೇ ಫೋನ್ ಮಾಡಿದ್ರು. ಕೆಲಸ ಬೇಡವಂತೆ. ಕಾಲು ನೋವಂತೆ, ಅಷ್ಟು ದೂರ ಆಗಲ್ವಂತೆ."

ವಿನ್ಸ್ ನಿಂತುಬಿಟ್ಟ. "ಅವ್ಳು ಬೇಡ ಅಂದ್ಲಾ?"

"ಹೂಂ. ಒಳ್ಳೇ ನಡಿಗೆ ಆಯ್ತು, ನಿಮ್ಮದೇನೂ ತಪ್ಪಿಲ್ಲ ಅಂತ ಹೇಳಿದ್ರು."

"ಅದನ್ನ ನಾನು ಹೇಳ್ಬೇಕಿತ್ತು." ಅವನ ಧ್ವನಿ ಏರಿತು. ಮೇಜಿನ ಮೇಲಿದ್ದ ಪತ್ರಿಕೆ ಎತ್ತಿ ಮತ್ತೆ ಅಲ್ಲೇ ಎಸೆದ. "ಬೇಡ ಅಂತ ನಾನು ಹೇಳ್ಬೇಕಿತ್ತು. ಅದನ್ನೂ ಅವ್ಳೇ ತಗೊಂಡ್ಲು."

"ಅದನ್ನೂ ಅಂದ್ರೆ?"

ವಿನ್ಸ್ ಕಿಟಕಿಗೆ ಹೋದ, ಬಂದ, ಮತ್ತೆ ಹೋದ. "ಅವ್ಳು ಅಲ್ಲಿದ್ಲು. ಗುಡ್ಡದ ಮೇಲೆ. ನನ್ನ ಶೂ ತಗೊಂಡು ಮೇಲಿಡ್ತಿದ್ಲು."

ರುಬೀನಾ ನಿಧಾನವಾಗಿ ಸೋಫಾದಲ್ಲಿ ಕೂತಳು. ತಾನು ಕರೆತಂದು ಕೂರಿಸಿದವಳು, ತಾನೇ ಹೊಗಳಿದವಳು. ಕೈಗಡಿಯಾರದ ಪಟ್ಟಿಯನ್ನು ತಿರುಗಿಸಿದಳು. "ನಾನು ಕೇಳ್ಬೇಕಿತ್ತು, ಎಲ್ಲೆಲ್ಲಿ ಕೆಲಸ ಮಾಡಿದ್ರಿ ಅಂತ," ಅಂದಳು. "ವಿನ್ಸ್, ದೂರು ಕೊಡ್ಬಹುದು. ನಾನು ಜೊತೆಗಿರ್ತೀನಿ."

"ದೂರು ಬೇಡ. ಕರಿ ಅವ್ಳನ್ನ."

"ಯಾಕೆ?"

"ಬೇಡ ಅನ್ನೋಕೆ."

"ಅವರೇ ಬಿಟ್ಟಾಗಿದೆಯಲ್ಲ. ಬರ್ಲೇಬೇಕು ಅಂತ ನಾನು ಹೇಳೋಕಾಗಲ್ಲ."

"ಕೇಳು. ಬಂದ್ರೆ ಬರ್ಲಿ." ಅವನು ಅವಳ ಎದುರು ನಿಂತ. "ಯಾರು ಬರ್ಬೇಕು ಅಂತ ನಾನು ಹೇಳ್ಬೇಕು ಅಂದಿದ್ದು ನೀನೇ."

ರುಬೀನಾ ಹಿತ್ತಲಿಗೆ ಹೋಗಿ ಫೋನ್ ಮಾಡಿದಳು. ಬಹಳ ಹೊತ್ತು ಮಾತು ನಡೆಯಿತು. ಒಳಗೆ ಬಂದಾಗ, "ಶುಕ್ರವಾರ ಬೆಳಿಗ್ಗೆ ಬರ್ತಾರಂತೆ. ನಾನೂ ಇರ್ಲಾ?" ಎಂದಳು.

"ಬೇಡ," ಅಂದ ವಿನ್ಸ್. ಆಮೇಲೆ, "ಹೊರಗೆ ಕಾರಲ್ಲಿ ಇರು," ಅಂದ.

ಶುಕ್ರವಾರ ಲಿನೆಟ್ ಗಂಟೆ ಒತ್ತಿದಾಗ ವಿನ್ಸ್ ಬಾಗಿಲ ಹಿಂದೆಯೇ ನಿಂತಿದ್ದ. ಆದರೂ ಕೂಡಲೇ ತೆಗೆಯಲಿಲ್ಲ. ಗಾಜಿನಾಚೆ ಅವಳ ನೆರಳು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುವುದನ್ನು ನೋಡಿದ. ಗಂಟೆ ಎರಡನೇ ಸಲ ಆಗಲಿಲ್ಲ. ತೆಗೆದ.

ಲಿನೆಟ್ ನಗರಕ್ಕೆ ಹೋಗುವವರಂತೆ ಕಪ್ಪು ಕೋಟು ಹಾಕಿಕೊಂಡಿದ್ದಳು. ಹೊಸ್ತಿಲ ಹೊರಗೇ ನಿಂತಳು.

"ನಮಸ್ಕಾರ, ವಿನ್ಸ್."

"ನಿನ್ನ ಕಾಲು ನೋವು ಸುಳ್ಳು," ಅಂದ.

"ಸುಳ್ಳು."

"ನೀನು ಚೆನ್ನಾಗಿ ನಡೀತೀಯ." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಮೂರು ದಿನದಿಂದ ಸರಿ ಮಾಡಿಟ್ಟ ಮಾತು ಬಾಯಿಗೆ ಬರುವಾಗ ಚೂರು ಚೂರಾಗಿತ್ತು. "ಕಡುಬು ಚೆನ್ನಾಗಿತ್ತು. ಆದ್ರೆ ನಂಗೆ ಬೇಡ. ನೀನು ಬೇಡ. ನೀನು ಬಿಟ್ಟಿದ್ದಲ್ಲ, ನಾನು ಬೇಡ ಅಂತಿದ್ದೀನಿ. ಇದು ನನ್ನ ಮನೆ."

"ಸರಿ," ಅಂದಳು ಲಿನೆಟ್. "ಹೌದು. ನಿಮ್ಮ ಮನೆ."

ಬೀದಿಯ ಆಚೆ ಬದಿಯಲ್ಲಿ ಕಾರಿನೊಳಗೆ ರುಬೀನಾ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಇತ್ತಲೇ ನೋಡುತ್ತಿದ್ದಳು. ಹೇಳಬೇಕಾದ್ದು ಮುಗಿದಿತ್ತು. ಲಿನೆಟ್ ಹೋಗಬಹುದಿತ್ತು, ಅವನು ಬಾಗಿಲು ಹಾಕಿಕೊಳ್ಳಬಹುದಿತ್ತು. ಇಬ್ಬರೂ ಹಾಗೆ ಮಾಡಲಿಲ್ಲ. ಇಳಿಜಾರಿನ ಕೆಳಗಿಂದ ತಣ್ಣನೆಯ ಗಾಳಿ ಬೀಸಿ ಅವಳ ಕೋಟಿನ ಅಂಚನ್ನು ಎತ್ತಿತು.

"ಬಸ್ಸು ಎಷ್ಟೊತ್ತಿಗೆ?" ಕೇಳಿದ.

"ಒಂದು ಈಗ ಹೋಯ್ತು. ಇನ್ನೊಂದು ಬರೋದು ತಡ."

ವಿನ್ಸ್ ಒಂದು ಗಳಿಗೆ ಯೋಚಿಸಿದ. "ಚಹಾ ಕುಡಿದು ಹೋಗು," ಎಂದು ದಾರಿ ಬಿಟ್ಟ.

ಅವಳು ಅಡುಗೆಮನೆಯಲ್ಲಿ ಕುರ್ಚಿ ಎಳೆದುಕೊಳ್ಳದೆ ಗೋಡೆಗೆ ಒರಗಿ ನಿಂತಳು. ವಿನ್ಸ್ ಕೆಟಲ್‌ಗೆ ನೀರು ತುಂಬಿ ಸ್ವಿಚ್ ಒತ್ತಿದ, ಎರಡು ಲೋಟ ಇಳಿಸಿದ. ಅಷ್ಟರಲ್ಲಿ ಹೊರಗೆ ಏಣಿ ಗೋಡೆಗೆ ತಾಕಿದ ಸದ್ದಾಯಿತು. ತಿಂಗಳಿಗೊಮ್ಮೆ ಬೀದಿಯ ಕಿಟಕಿಗಳನ್ನೆಲ್ಲ ತೊಳೆಯುವವನು ಬಂದಿದ್ದ. ಮೇಲಿನ ಗಾಜು ಮುಗಿಸಿ ಇಳಿದು, ಅಡುಗೆಮನೆಯ ಗಾಜಿನ ತುಂಬ ಸೋಪಿನ ನೊರೆ ಬಳಿದ. ಒಳಗೆ ಬೆಳಕು ಮಂಕಾಯಿತು. ರಬ್ಬರಿನ ಪಟ್ಟಿ ಮೇಲಿಂದ ಕೆಳಗೆ ಇಳಿದಂತೆಲ್ಲ ಅವನ ಟೊಪ್ಪಿ, ಕೆಂಪು ಮೂಗು, ಗದ್ದ ಒಂದೊಂದಾಗಿ ಕಾಣಿಸಿಕೊಂಡವು. ಹಬೆಯಾಡುವ ಕೆಟಲ್ ಕಂಡು ಅವನು ಗಾಜು ತಟ್ಟಿದ, ತನಗೂ ಒಂದು ಎಂಬಂತೆ ತನ್ನತ್ತ ಬೊಟ್ಟು ಮಾಡಿ, ಆಮೇಲೆ ಎರಡು ಬೆರಳು ಎತ್ತಿದ. ಸಕ್ಕರೆ, ಎರಡು ಚಮಚ.

ವಿನ್ಸ್ ಮೂರನೆಯ ಲೋಟ ಇಳಿಸಿದ.